ಓರೆಯಾದ ಗುಂಡನ್ನು ಒತ್ತಿ ನೆಟ್ಟಗೆ ಮಾಡಬಹುದೇ?

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸ ಮಾಡುತ್ತೇನೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಗುರಿ ಸ್ಪರ್ಧೆಗೆ ಬೇಕಾದ ರೈಫಲ್ ಕಾಡತೂಸುಗಳನ್ನು ತಾನೇ ತುಂಬಿಕೊಳ್ಳುತ್ತಾನೆ. ಕಾಡತೂಸನ್ನು ತಿರುಗಿಸಿದಾಗ ಗುಂಡಿನ ಮೇಲಿಟ್ಟ ಡಯಲ್ ಗೇಜಿನ ಮುಳ್ಳು 0.10 ಮಿಲಿಮೀಟರ್ ಆಡುತ್ತದೆಯಂತೆ. ಗುಂಡನ್ನು ಪಕ್ಕಕ್ಕೆ ಒತ್ತಿ ನೆಟ್ಟಗೆ ಮಾಡುವ ಸಾಧನ ಕೊಳ್ಳಲೇ ಎಂದು ಕೇಳಿದ್ದಾನೆ. ಏನು ಹೇಳಲಿ?
– ಓದುಗರು, ಬೆಳಗಾವಿ

ಉತ್ತರ: ಸಾಧನ ಕೊಳ್ಳುವ ಮೊದಲು ಓರೆ ಯಾವ ಹಂತದಲ್ಲಿ ಹುಟ್ಟುತ್ತಿದೆ ಎಂಬುದನ್ನು ಹುಡುಕಲು ಹೇಳಿ. ಮುಳ್ಳು 0.10 ಆಡಿದರೆ ಗುಂಡಿನ ನಡುಗೆರೆ ಕೇಸಿನ (ಮದ್ದನ್ನೂ ಗುಂಡನ್ನೂ ಹಿಡಿದಿಡುವ ಹಿತ್ತಾಳೆ ಕೊಳವೆಯ) ನಡುಗೆರೆಯಿಂದ ಅಲ್ಲಿ 0.05 ಮಾತ್ರ ಸರಿದಿದೆ ಎಂಬುದು ಚಕ್ಕಿನಲ್ಲಿ ಜಾಬ್ ಕಟ್ಟುವ ನಿಮಗೆ ಗೊತ್ತಿರುವ ಲೆಕ್ಕವೇ. ಇಷ್ಟು ಸಣ್ಣ ಓರೆಯೂ ಗುಂಡು ನಳಿಕೆಯ ತಿರುಗಚ್ಚುಗಳೊಳಗೆ (ಅದನ್ನು ತಿರುಗಿಸುವ ಸುರುಳಿ ಗೆರೆಗಳೊಳಗೆ) ವಾಲಿಕೊಂಡು ಹೊಗುವಂತೆ ಮಾಡಬಲ್ಲದು.

ಅವನು ಅದೇ ಗೇಜಿನಿಂದ ನಾಲ್ಕು ಸಲ ಅಳೆಯಲಿ: ಹಾರಿಸಿದ ಖಾಲಿ ಕೇಸಿನ ಕುತ್ತಿಗೆಯನ್ನು, ಡೈ ಎಂಬ ಅಚ್ಚಿನಲ್ಲಿ ಕುತ್ತಿಗೆಯನ್ನು ಬಿಗಿ ಮಾಡಿದ ಬಳಿಕ, ಕುತ್ತಿಗೆಯನ್ನು ಒಳಗಿನಿಂದ ತಕ್ಕ ಅಳತೆಗೆ ಹಿಗ್ಗಿಸುವ ಎಕ್ಸ್‌ಪಾಂಡರ್ ಅದರೊಳಗಿನಿಂದ ಎಳೆದು ಬಂದ ಬಳಿಕ, ಕೊನೆಗೆ ಗುಂಡು ಕೂಡಿಸಿದ ಬಳಿಕ. ಹಾರಿಸಿದ ಕೇಸು ನಳಿಕೆಯ ಕೋಣೆಗೆ ತಕ್ಕಂತೆ ಹಿಗ್ಗಿರುವುದರಿಂದ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ. ಮುಳ್ಳು ಯಾವ ಹಂತದಲ್ಲಿ ಜಿಗಿಯುವುದೋ ತಪ್ಪು ಅಲ್ಲಿದೆ. ನನ್ನ ಮೊದಲ ಅನುಮಾನ ಎಕ್ಸ್‌ಪಾಂಡರ್ ಮೇಲೆ. ಒಳಗೆ ಎಣ್ಣೆ ಸವರದ ಒಣ ಕುತ್ತಿಗೆಯಲ್ಲಿ ಅದು ಕಚ್ಚಿಕೊಂಡು ಕಿರುಗುಡುತ್ತಾ ಮೇಲೆದ್ದರೆ, ಮೆತ್ತನೆಯ ಹಿತ್ತಾಳೆ ಅದರ ಜೊತೆಗೇ ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ಕುತ್ತಿಗೆಯೊಳಗೆ ಸ್ವಲ್ಪ ಲೂಬ್ರಿಕೆಂಟ್ ಸವರಿ ಮತ್ತೆ ಅಳೆಯಲಿ. ಸುಧಾರಿಸದಿದ್ದರೆ ಎಕ್ಸ್‌ಪಾಂಡರನ್ನೇ ತೆಗೆದುಬಿಟ್ಟು, ಕುತ್ತಿಗೆಯನ್ನು ಹೊರಗಿನಿಂದ ಬೇಕಾದಷ್ಟೇ ಬಿಗಿಯುವ ಬುಶಿಂಗ್ ಡೈ ಬಳಸಬಹುದು. ಆದರೆ ಕುತ್ತಿಗೆಯ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ ಹೊರಗಿನ ಬುಶಿಂಗ್ ಆ ವ್ಯತ್ಯಾಸವನ್ನು ಒಳಕ್ಕೆ ತಳ್ಳುವುದರಿಂದ, ಅಂಥ ಕೇಸುಗಳನ್ನು ಬೇರೆ ತೆಗೆದಿಡಬೇಕು ಇಲ್ಲವೇ ಕುತ್ತಿಗೆಯ ಹೊರಮೈ ಕೆತ್ತಿ ಸಮ ಮಾಡಬೇಕು.

ಗುಂಡು ಕೂಡಿಸುವಾಗಲೇ ಮುಳ್ಳು ಜಿಗಿದರೆ ಕೇಸಿನ ಬಾಯಿಯ ಒಳಅಂಚಿಗೆ ಚೇಂಫರ್ ಹೊಡೆದು (ಅಂಚನ್ನು ಸ್ವಲ್ಪ ಓರೆಯಾಗಿ ಕೆತ್ತಿ) ನೋಡಲಿ.

ಇಷ್ಟಾದ ಮೇಲೂ ಉಳಿದ ಕೆಲವನ್ನು ಒತ್ತಿ ತಿದ್ದಿದರೆ ತಪ್ಪೇನಿಲ್ಲ, ಆದರೆ ಅದೇ ರೂಢಿಯಾಗಬಾರದು. ಬಾಗಿಸಿದ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಮರಳುತ್ತದೆ. ಗುಂಡನ್ನು ಹಿಡಿದಿರುವ ಬಿಗಿಯೂ ಕಾಡತೂಸಿನಿಂದ ಕಾಡತೂಸಿಗೆ ಬದಲಾಗಬಹುದು, ಆಗ ಒಂದು ದೋಷ ತಿದ್ದಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ. ನೆಟ್ಟಗಿರುವ ಹತ್ತು, ಓರೆ ಇರುವ ಹತ್ತನ್ನು ಒಂದೇ ದಿನ ಒಂದಾದ ಮೇಲೊಂದರಂತೆ ಹಾರಿಸಿ ಗುರಿಹಾಳೆಗಳನ್ನು ಹೋಲಿಸಿದರೆ, ಅವನ ರೈಫಲ್ಲಿಗೆ ಈ 0.10 ಎಷ್ಟು ಮುಖ್ಯ ಎಂಬುದರ ಅಂದಾಜು ಸಿಗುತ್ತದೆ. ನೂರು ಗಜದಲ್ಲಿ ಅಂತರ ಕಾಣದೇ ಹೋಗಬಹುದು.

ನಿಮ್ಮ ಕೈಚಳಕ ಬೇಕಿರುವುದು ಅಳೆಯುವಾಗ ಕಾಡತೂಸನ್ನು ಇಟ್ಟು ತಿರುಗಿಸಲು ಎರಡು ವೀ ಬ್ಲಾಕ್ (ವೀ ಆಕಾರದ ಆಸರೆ) ಇರುವ ಒಳ್ಳೆಯ ಸ್ಟ್ಯಾಂಡಿಗೆ. ಅದನ್ನು ಮಾಡಿ ಕಳಿಸಿ. ಅದರ ಅಳತೆ ಪರೀಕ್ಷಿಸಲು ಕಾಡತೂಸು ಬೇಡ, ಕೇಸಿನ ವ್ಯಾಸಕ್ಕೆ ತಿರುವಿದ ಹಿತ್ತಾಳೆ ರಾಡು ಸಾಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಮತ್ತು ತುಂಬಿದ ಕಾಡತೂಸನ್ನು ಎಲ್ಲಿಯೇ ಆಗಲಿ ಲೇತಿನ ಚಕ್ಕಿಗೆ ಕಟ್ಟಲೇಬಾರದು.