ಯೂರಿನ್ ಬ್ಯಾಗ್ ಬಿಡಿಸಿ ದಿನಕ್ಕೆ ಐದಾರು ಸಲ ತಾನೇ ಪೈಪ್ ಹಾಕಿಕೊಂಡರೆ ಇನ್ಫೆಕ್ಷನ್ ಆಗಲ್ವಾ?

ನಿಮ್ಮ ತಮ್ಮ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ, ಬ್ಯಾಗ್ ತೆಗೆಸಿ ಅವನೇ ಆಗಾಗ ಮೂತ್ರದ ದಾರಿಗೆ ಪೈಪ್ ಹಾಕಿ ಯೂರಿನ್ ತೆಗೆದುಕೊಳ್ಳಲಿ ಎಂದು ಡಾಕ್ಟರ್ ಹೇಳಿದ್ದಾರೆ, ಮನೆಯವರಿಗೆಲ್ಲ ಭಯ ಎಂದು ಬರೆದಿದ್ದೀರಿ. ನನಗೂ ಬೆನ್ನುಹುರಿಗೇ ಪೆಟ್ಟು. ವರ್ಷಗಳಿಂದ ಹೀಗೇ ಯೂರಿನ್ ತೆಗೆಯುತ್ತಿದ್ದೇನೆ. ಡಾಕ್ಟರ್ ಹೇಳಿದ್ದನ್ನೇ ಮಾಡಿ.

ಇನ್ಫೆಕ್ಷನ್ ಜಾಸ್ತಿ ಆಗುವುದು ಬ್ಯಾಗ್ ಇಟ್ಟುಕೊಂಡವರಿಗೆ. ಪೈಪ್ ಸದಾ ಒಳಗೇ ಇದ್ದರೆ ಅದರ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟುತ್ತದೆ, ಮೂತ್ರಕೋಶದಲ್ಲಿ ಕಲ್ಲೂ ಆಗಬಹುದು. ಅಮೆರಿಕದ ಮಿಶಿಗನ್‌ನಲ್ಲಿ ಡಾ. ಜಾಕ್ ಲ್ಯಾಪಿಡ್ಸ್ 1972ರಲ್ಲೇ, ಆಗಾಗ ತಾನೇ ಪೈಪ್ ಹಾಕಿ ತೆಗೆಯುವ ಈ ವಿಧಾನದ ಬಗ್ಗೆ ಬರೆದರು. ಆಪರೇಷನ್ ಥಿಯೇಟರಿನ ಶುದ್ಧಿ ಬೇಡ, ಸೋಪಿನಲ್ಲಿ ತೊಳೆದ ಕೈ ಸಾಕು, ಮೂತ್ರಕೋಶ ತುಂಬಿ ಹಿಗ್ಗದಂತೆ ನೋಡಿಕೊಳ್ಳುವುದೇ ಮುಖ್ಯ ಎಂಬುದು ಅವರ ವಾದ. ಅತಿಯಾಗಿ ಹಿಗ್ಗಿದರೆ ಅದರ ಗೋಡೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಇನ್ಫೆಕ್ಷನ್ ತಡೆಯುವ ಶಕ್ತಿಯೂ ಕುಗ್ಗುತ್ತದೆ.

ಹಾಕುವಾಗ ಜೆಲ್ಲಿ ಧಾರಾಳವಾಗಿ ಹಚ್ಚಲಿ. ಶಿಶ್ನವನ್ನು ಮೇಲಕ್ಕೆ ಎತ್ತಿ ಹಿಡಿದು ನಿಧಾನ ತಳ್ಳಬೇಕು. ಒಳಗೆ ಒಂದು ಕಡೆ ತಡೆದ ಹಾಗಾಗುತ್ತದೆ, ಅದು ಯೂರಿನ್ ಹಿಡಿದಿಡುವ ಸ್ನಾಯು. ಅಲ್ಲಿ ಜೋರು ಮಾಡಬಾರದು. ದೀರ್ಘವಾಗಿ ಉಸಿರು ಬಿಟ್ಟು ಸ್ವಲ್ಪ ಕಾದರೆ ದಾರಿ ಬಿಡುತ್ತದೆ. ಹರಿಯುವುದು ನಿಂತ ಮೇಲೆ ಒಂದೇ ಸಲಕ್ಕೆ ಎಳೆಯದೆ ಚೂರುಚೂರೇ ಹೊರಗೆ ತನ್ನಿ, ಇನ್ನಷ್ಟು ಬರುತ್ತದೆ. ಮೊದಲ ವಾರಗಳಲ್ಲಿ ಪ್ರತಿ ಸಲ ಅಳತೆ ಜಗ್ಗಿನಲ್ಲಿ ನೋಡಿ ಬರೆದಿಡಿ. 500 ಮಿ.ಲೀ. ದಾಟುತ್ತಿದ್ದರೆ ಮುಂದಿನ ಸಲ ಬೇಗ ತೆಗೆಯಬೇಕು.

ಇಷ್ಟಾದರೂ ಒಳಗಿನ ಒತ್ತಡ ಎಷ್ಟು ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಹಲವರಲ್ಲಿ ಮಿದುಳಿನ ಮಾತು ಕೆಳಗೆ ತಲುಪದೆ ಮೂತ್ರಕೋಶ ತನ್ನಷ್ಟಕ್ಕೆ ಹಿಂಡುತ್ತದೆ, ಅದೇ ಹೊತ್ತಿಗೆ ಮೂತ್ರಕೋಶದ ಬಾಯಿಯ ಸ್ನಾಯು ಬಿಗಿದುಕೊಳ್ಳುತ್ತದೆ. ಆಗ ಯೂರಿನ್ ಹಿಂದಕ್ಕೆ ಕಿಡ್ನಿಗೆ ನುಗ್ಗಬಹುದು. ಸ್ಪರ್ಶ ಇಲ್ಲದವರಿಗೆ ನೋವೂ ಆಗಲ್ಲ, ಗೊತ್ತಾಗುವಷ್ಟರಲ್ಲಿ ಕಿಡ್ನಿ ಹಾಳಾಗಿರಬಹುದು. ಅದಕ್ಕೇ ಮೂತ್ರಕೋಶದ ಒತ್ತಡ ಅಳೆಯುವ ಯುರೋಡೈನಮಿಕ್ ಟೆಸ್ಟ್ ಮಾಡಿಸಲೇಬೇಕು, ವರ್ಷಕ್ಕೊಮ್ಮೆಯಾದರೂ ಕಿಡ್ನಿ ಸ್ಕ್ಯಾನ್. ಒತ್ತಡ ಜಾಸ್ತಿ ಇದ್ದರೆ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್ ತರಹದ ಮಾತ್ರೆ ಕೊಡುತ್ತಾರೆ. ಬಾಯಿ ಒಣಗುತ್ತದೆ, ಮಲಬದ್ಧತೆಯೂ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಇಂಜೆಕ್ಷನ್. ಅದರ ಪರಿಣಾಮ ಕೆಲವು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು.

ಜ್ವರ, ಚಳಿ ಏನೂ ಇಲ್ಲದೆ ಸುಮ್ನೆ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಬಂತು ಅಂತ ಆ್ಯಂಟಿಬಯೋಟಿಕ್ ನುಂಗಿಸಬೇಡಿ. ಪೈಪ್ ಬಳಸುವ ಬಹಳ ಜನರಲ್ಲಿ ಅದು ಇರುತ್ತದೆ.

ಪೆಟ್ಟು ಎಲ್ಲಿ ಅಂತ ನೀವು ಬರೆದಿಲ್ಲ. ಬೆನ್ನೆಲುಬಿನಲ್ಲಿ ಎದೆಭಾಗದ ಆರನೇ ಮೂಳೆ (T6) ಅಥವಾ ಅದಕ್ಕಿಂತ ಮೇಲೆ ಆಗಿದ್ದರೆ ಇದನ್ನು ಮನೆಮಂದಿಯೆಲ್ಲ ಕಲಿತಿರಬೇಕು: ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ, ಬೆವರಿದರೆ ಬಿಪಿ ವಿಪರೀತ ಏರಿದೆ ಎಂದರ್ಥ. ಅವನನ್ನು ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ; ಮೂತ್ರಕೋಶ ತುಂಬಿದ್ದಕ್ಕೂ ಹೀಗಾಗಬಹುದು, ತಕ್ಷಣ ಯೂರಿನ್ ತೆಗೆಯಿರಿ. ಆಗಲೂ ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.