ಮುಖ ಮುಚ್ಚಿದ ಮಾತ್ರಕ್ಕೆ ಖಿನ್ನತೆಯಲ್ಲ

ಪ್ರಶ್ನೆ: ಮಗಳು ದಾವಣಗೆರೆಯಲ್ಲಿ ವಿಷುಯಲ್ ಆರ್ಟ್ಸ್ ಓದುತ್ತಿದ್ದಾಳೆ. ಪಾಳುಬಿದ್ದ ಮನೆಗಳಿಗೆ ಹೋಗಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಇಲ್ಲವೇ ದೆವ್ವದ ಹಾಗೆ ಮಸುಕಾಗಿ ಕಾಣುವಂತೆ ತನ್ನದೇ ಫೋಟೊ ತೆಗೆದುಕೊಳ್ಳುತ್ತಾಳೆ. ಚಿತ್ರ ನೋಡಿಯೇ ಮನಸ್ಸು ಓದುತ್ತೇನೆ ಎನ್ನುವವರೊಬ್ಬರಿಗೆ ನೆಂಟರು ಅವನ್ನು ತೋರಿಸಿದರು. 'ಖಿನ್ನತೆಯ ಸಂಕೇತ, ಹತ್ತು ಸಿಟ್ಟಿಂಗ್ ಬೇಕು' ಅಂದರಂತೆ. ನಿಜವೇ?

ಉತ್ತರ: ಆ ದುಡ್ಡಿನಲ್ಲಿ ಮಗಳಿಗೊಂದು ಗಟ್ಟಿ ಟ್ರೈಪಾಡ್ ಕೊಡಿಸಿ.

ಇಂಥ ಪತ್ರ ಬರುತ್ತಲೇ ಇರುತ್ತವೆ. ಊರು ಬೇರೆ, ಮಕ್ಕಳು ಬೇರೆ, 'ಮನಸ್ಸು ಓದುವವರು' ಮಾತ್ರ ಎಲ್ಲ ಕಡೆಯೂ ಇದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಮಗಳ ಊಟ, ನಿದ್ದೆ, ಗೆಳತಿಯರ ಒಡನಾಟ ಬದಲಾಗಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಾಯಲ್ಲಿ ಬಂದಿದ್ದರೆ ಇವತ್ತೇ ಮನೋವೈದ್ಯರನ್ನು ಕಾಣಿಸಿ, ಇಲ್ಲವೇ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಫೋಟೊ ತೆಗೆಯದ ಮಕ್ಕಳಿಗೂ ಇದೇ ಮಾತು. ಆದರೆ ಚಿತ್ರವನ್ನೇ ಎಕ್ಸ್‌ರೇ ಮಾಡಿಕೊಂಡು ರೋಗ ಹೇಳುವವರನ್ನು ಹೊಸ್ತಿಲು ದಾಟಿಸಬೇಡಿ.

ನಿಮ್ಮ ಮಗಳು ಮಾಡುತ್ತಿರುವುದಕ್ಕೆ ದೊಡ್ಡ ಪರಂಪರೆಯಿದೆ. ಅಮೆರಿಕದ ಫ್ರಾನ್ಸೆಸ್ಕಾ ವುಡ್‌ಮನ್ ಎಂಬ ಹುಡುಗಿ ತೆಗೆದ ಫೋಟೊಗಳನ್ನು ಅವಳು ನೋಡಿರುವ ಸಂಭವ ಹೆಚ್ಚು. 1976ರಲ್ಲಿ ಪ್ರಾವಿಡೆನ್ಸ್‌ನ ಹಾಳುಮನೆಯೊಂದರಲ್ಲಿ ತೆಗೆದ ಚಿತ್ರವೊಂದಿದೆ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಹರಿದ ವಾಲ್‌ಪೇಪರಿನ ಒಂದು ತುಂಡು ಮುಖ, ಎದೆ ಮುಚ್ಚಿದೆ. ಇನ್ನೊಂದು ತುಂಡು ಸೊಂಟದಿಂದ ಕೆಳಕ್ಕಿದೆ. ನಡುವೆ ಹೊಟ್ಟೆ ಮಾತ್ರ ಕಾಣುತ್ತದೆ. ಐದು ವರ್ಷದ ನಂತರ, 1981ರಲ್ಲಿ, 22ನೆಯ ವಯಸ್ಸಿಗೆ ಆಕೆ ಆತ್ಮಹತ್ಯೆ ಮಾಡಿಕೊಂಡಳು. ಅಲ್ಲಿಂದ ಶುರುವಾಯಿತು ನೋಡಿ. ಮಸುಕು ಎಂದರೆ ಸಾವು, ವಾಲ್‌ಪೇಪರ್ ಎಂದರೆ ಹೆಣದ ಬಟ್ಟೆ! ಕಥೆಯ ಕೊನೆಯ ಪುಟ ಗೊತ್ತಿರುವವರು ಮೊದಲ ಪುಟದಲ್ಲೇ ಎಲ್ಲ ಕಂಡೆವು ಅನ್ನುವುದು ಸುಲಭ.

ಚಿತ್ರ ತೆಗೆದಾಗ ಆಕೆ ಕಲಾಶಾಲೆಯ ವಿದ್ಯಾರ್ಥಿನಿ. ತನ್ನದೇ ಫೋಟೊ ಯಾಕೆ ಎಂದು ಕೇಳಿದ್ದಕ್ಕೆ ಅನುಕೂಲಕ್ಕೆ, ನಾನು ಯಾವಾಗಲೂ ಕೈಗೆ ಸಿಗುತ್ತೇನಲ್ಲ ಎಂಬರ್ಥದ ಮಾತು ಹೇಳಿದ್ದಳು. ಫೋಟೊಗ್ರಫಿ ಕಲಿಯುವ ಯಾವ ಹುಡುಗಿಯನ್ನು ಕೇಳಿದರೂ ಇದೇ ಉತ್ತರ ಬಂದೀತು: ಮಾಡೆಲ್‌ಗೆ ಕೊಡಲು ಕಾಸಿಲ್ಲ. ಆ ಮಸುಕಿಗೂ ಮಂತ್ರವಿಲ್ಲ. ಷಟರ್ ಕೆಲವು ಸೆಕೆಂಡು ತೆರೆದಿರುತ್ತದೆ. ಅಲುಗದ ಗೋಡೆಯ ಬಿರುಕು ಚೂಪಾಗಿ ಮೂಡುತ್ತದೆ, ಅಲುಗಿದ ಮೈ ಕರಗುತ್ತದೆ. ಗೋಡೆ ಉಳಿದು ಮನುಷ್ಯ ಉಳಿಯದ ಈ ವ್ಯತ್ಯಾಸದಲ್ಲೇ ಆಕೆಗೆ ಆಸಕ್ತಿ. ಕಾಲದ ಬಗ್ಗೆ ಯೋಚಿಸುವುದು ಕಾಯಿಲೆಯಲ್ಲ. ಅದೇ ವರ್ಷಗಳಲ್ಲಿ ಕಲಾಶಾಲೆಯ ಚಾರ್ಲಿ ಎಂಬ ಮಾಡೆಲ್‌ನನ್ನು ಕನ್ನಡಿ, ಗಾಜುಗಳ ಜೊತೆ ಆಟವಾಡಿಸಿ ತೆಗೆದ ಸರಣಿಯೊಂದಿದೆ, ನೋಡಿದರೆ ನಗು ಬರುತ್ತದೆ. ಸಂಕೇತದ ಅಂಗಡಿಯವರು ಅದನ್ನು ತೋರಿಸುವುದಿಲ್ಲ.

ಇನ್ನೊಂದು ಕಡೆ ರಾಲ್ಫ್ ಯೂಜೀನ್ ಮೀಟ್‌ಯಾರ್ಡ್ ಇದ್ದಾನೆ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕನ್ನಡಕದ ವ್ಯಾಪಾರ. ವಾರವೆಲ್ಲ ಅದು, ಬಿಡುವಾದಾಗ ಕ್ಯಾಮೆರಾ. ಹೆಂಡತಿ ಮಕ್ಕಳನ್ನೇ ಪಾಳುಮನೆಗೆ ಕರೆದೊಯ್ದು ಮುದುಕರ, ವಿಕಾರದ ರಬ್ಬರ್ ಮುಖವಾಡ ಹಾಕಿಸಿ ಕ್ಲಿಕ್ಕಿಸುತ್ತಿದ್ದ. ಆ ಚಿತ್ರಗಳು ವುಡ್‌ಮನ್‌ಳವಕ್ಕಿಂತ ಹೆಚ್ಚು ಹೆದರಿಸುತ್ತವೆ. ಮನುಷ್ಯ ಮಾತ್ರ ಅಪ್ಪಟ ಸಂಸಾರಸ್ಥ. ಮುಖ ಕಂಡರೆ ನಾವು 'ಇದು ಯಾರು' ಎಂದು ಕೇಳಿ ಮುಂದೆ ಹೋಗುತ್ತೇವೆ. ಮುಖ ಮುಚ್ಚಿದರೆ ಭುಜ ಹೇಗೆ ಬಾಗಿದೆ, ಕೈ ಎಲ್ಲಿದೆ ಎಂದು ಮೈಯನ್ನು ಓದತೊಡಗುತ್ತೇವೆ. ಮುಖವಾಡದಿಂದ ಅವನಿಗೆ ಬೇಕಾಗಿದ್ದುದು ಅದು. ನಿಮ್ಮ ಮಗಳಿಗೂ ಬಹುಶಃ ಅದೇ.

ಹಾಗಾದರೆ ಇಂಥ ಚಿತ್ರಕ್ಕೆ ಅರ್ಥವೇ ಇಲ್ಲವೇ? ಇದೆ, ಆದರೆ ಒಂಟಿ ಚಿತ್ರದಲ್ಲಿ ಹುಡುಕಬೇಡಿ. ಮಗಳ ಇಪ್ಪತ್ತು ಫೋಟೊ ನೆಲದ ಮೇಲೆ ಹರಡಿ. ಏನು ಮತ್ತೆ ಮತ್ತೆ ಬರುತ್ತದೆ? ಅಜ್ಜಿಯ ಸೀರೆಯೇ, ಅದೇ ಮುರಿದ ಕಿಟಕಿಯೇ? ಮೊದಲ ಚಿತ್ರದಲ್ಲಿ ಮುಖದ ಮೇಲಿದ್ದ ಬಟ್ಟೆ ಹತ್ತನೆಯದರಲ್ಲಿ ಎಲ್ಲಿಗೆ ಹೋಯಿತು? ಒಬ್ಬರ ಕೆಲಸದಲ್ಲಿ ಮರಳಿ ಬಂದು ಜಾಗ ಬದಲಿಸುವ ವಸ್ತುವೇ ಅವರ ಸಂಕೇತ. ಆಮೇಲೆ ಮಗಳನ್ನೇ ಕೇಳಿ. 'ನಿನಗೇನಾಗಿದೆ' ಅಂತಲ್ಲ, 'ಈ ಮನೆಯನ್ನೇ ಯಾಕೆ ಆರಿಸಿದೆ' ಅಂತ. ಅವಳು ಒಬ್ಬಳೇ ಹೋಗುತ್ತಿದ್ದರೆ ನನಗೆ ಭಯವಿರುವುದು ಕುಸಿಯುವ ತೊಲೆ, ಹಾವು, ಕುಡುಕರ ಬಗ್ಗೆ. ಜೊತೆಗೆ ಯಾರನ್ನಾದರೂ ಕಳಿಸಿ.

ಪ್ರಶ್ನೆ: ಒಗಟಿನಂಥ ಬೆಡಗಿನ ವಚನಗಳಿಗೆ ಅರ್ಥ ಬಿಡಿಸುವ ಟೀಕೆ ಇರುವಂತೆ ಸರ್ರಿಯಲ್ (ಕನಸಿನಂಥ) ಫೋಟೊಗಳಿಗೂ ಸಂಕೇತಗಳ ಪಟ್ಟಿ ಇದೆಯೇ? ಪಂಜರ, ಗೂಬೆ, ಕೆಂಪು ದಾರ ಇತ್ಯಾದಿ.

ಉತ್ತರ: ಇಲ್ಲ. ವರ್ಕ್‌ಶಾಪಿನವರು ಪಿಡಿಎಫ್ ಮಾರುತ್ತಾರೆ, ಕೊಳ್ಳಬೇಡಿ. ಬೆಡಗು ಕಟ್ಟಿದವರಿಗೂ ಬಿಡಿಸಿದವರಿಗೂ ನಡುವೆ ಹಂಚಿಕೊಂಡ ಒಂದು ಸಾಧನೆಯ ಲೋಕವಿತ್ತು. ಗೂಬೆಗೆ ಅಂಥದ್ದೇನಿದೆ? ನಮ್ಮಲ್ಲಿ ಅಪಶಕುನ, ಬಂಗಾಳದಲ್ಲಿ ಲಕ್ಷ್ಮಿಯ ವಾಹನ, ಗ್ರೀಕರಿಗೆ ಅಥೀನಾಳ ಹಕ್ಕಿ. ಸಲೋನ್ ಎಂಬ ಫೋಟೊ ಸ್ಪರ್ಧೆಗಳ ತೀರ್ಪುಗಾರನಾಗಿ, ತೆರೆದ ಪಂಜರಕ್ಕೆ 'ಸ್ವಾತಂತ್ರ್ಯ' ಎಂದು ಹೆಸರಿಟ್ಟ ಫೋಟೊಗಳಿಂದ ನಾನು ಇನ್ನೂ ಬಿಡುಗಡೆಯಾಗಿಲ್ಲ.

ಪ್ರಶ್ನೆ: ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ರವಿವರ್ಮನ ಲಕ್ಷ್ಮಿಯ ವೇಷ ಹಾಕಿರುವುದು ದೇವರಿಗೆ ಅವಮಾನವಲ್ಲವೇ?

ಉತ್ತರ: ಅಲ್ಲ. ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಆ ಸರಣಿಯನ್ನು ಪೂರ್ತಿ ನೋಡಿ. ಇನ್ನೊಂದು ಚಿತ್ರದಲ್ಲಿ ಅವರೇ ಚೌಕುಳಿ ಪರದೆಯ ಮುಂದೆ 'ಬುಡಕಟ್ಟಿನ ಹೆಣ್ಣಾಗಿ' ನಿಂತಿದ್ದಾರೆ. ಬ್ರಿಟಿಷರ ಕಾಲದಲ್ಲಿ ಹೀಗೆ ನಿಲ್ಲಿಸಿ ಮೈ ಅಳೆಯುತ್ತಿದ್ದರು. ಲ್ಯಾಂಪ್ರೆ ಎಂಬಾತ 1869ರಲ್ಲಿ ಎರಡೆರಡು ಇಂಚಿನ ಚೌಕಗಳ ದಾರದ ಚೌಕಟ್ಟನ್ನೇ ಬೆನ್ನ ಹಿಂದೆ ಇಟ್ಟಿದ್ದ. ಕ್ಯಾಲೆಂಡರಿನ ದೇವಿ, ಅಳತೆಗೆ ನಿಂತ ಹೆಂಗಸು, ಎರಡನ್ನೂ ಒಂದೇ ಮೈ ತೊಟ್ಟುಕೊಂಡಿದೆ. ಪ್ರಶ್ನೆ ಇರುವುದು ಹೆಣ್ಣಿಗೆ ಆ ವೇಷ ತೊಡಿಸಿದವರಿಗೆ.

ಪ್ರಶ್ನೆ: ಚಿತ್ರಕಾರ ಡಾಲಿಯ ಫೋಟೊದಲ್ಲಿ ಹಾರುವ ಬೆಕ್ಕುಗಳು ಏನನ್ನು ಸೂಚಿಸುತ್ತವೆ?

ಉತ್ತರ: ಅದೇ ಚಿತ್ರದಲ್ಲಿ ಡಾಲಿಯ 'ಲೀಡಾ ಅಟಾಮಿಕಾ' ಎಂಬ ವರ್ಣಚಿತ್ರ ತೂಗಿದೆ, ಅದರಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಪರಮಾಣು ಯುಗದ ಆ ಕಲ್ಪನೆಯನ್ನು ಫೋಟೊ ತೆಗೆದ ಹಾಲ್ಸ್‌ಮನ್ 1948ರಲ್ಲಿ ಬೆಕ್ಕು, ನೀರು, ಕುರ್ಚಿಗಳಲ್ಲಿ ಮಾಡಿ ತೋರಿಸಿದ. ಬೆಕ್ಕಿಗೆ ಬೇರೆ ಅರ್ಥವಿಲ್ಲ. ನೀವು ಬೆಕ್ಕು ಎಸೆಯಬೇಡಿ.

ಪ್ರಶ್ನೆ: ಮೊಬೈಲ್ ಆ್ಯಪ್ ಫೋಟೊದ ಅರ್ಥ ಹೇಳುತ್ತದಲ್ಲ, ನಂಬಬಹುದೇ?

ಉತ್ತರ: ನಿಮ್ಮ ಆಧಾರ್ ಕಾರ್ಡಿನ ಫೋಟೊ ಹಾಕಿ ನೋಡಿ. ಅಲ್ಲೂ 'ಒಂಟಿತನ' ಎಂದೇ ಬಂದೀತು.

ಪ್ರಶ್ನೆ: ಇಂಥ ಫೋಟೊವನ್ನು ವಾಸ್ತು ಪ್ರಕಾರ ಯಾವ ದಿಕ್ಕಿಗೆ ತೂಗುಹಾಕಬೇಕು?

ಉತ್ತರ: ಬಿಸಿಲು ನೇರ ಬೀಳದ, ಮಳೆಗಾಲದಲ್ಲಿ ತೇವ ಹಿಡಿಯದ ಗೋಡೆಗೆ. ಇಲ್ಲದಿದ್ದರೆ ಪ್ರಿಂಟಿನ ಬಣ್ಣ ಹೋಗುತ್ತದೆ, ಬೂಷ್ಟು ಕಟ್ಟುತ್ತದೆ.