ಮೈಕ್ರೋಸ್ಕೋಪಿಗೆ ಕುಂಕುಮ, ಸಿಟ್ಟು ಮಾತ್ರ ಅಮ್ಮನ ಮೇಲೆ

ನಾನು ಆಪ್ತಸಮಾಲೋಚಕಿ, ಇದು ನನ್ನ ಹತ್ರ ಬಂದಿದ್ದ ಒಬ್ಬ ನಾಸ್ತಿಕ ಮೇಷ್ಟ್ರ ಕತೆ. ಮೊದಲೇ ಹೇಳ್ಬಿಡ್ತೀನಿ, ಇದನ್ನ ಬರೆಯೋಕೆ ಆ ಮೇಷ್ಟ್ರು ಒಪ್ಕೊಂಡಿದಾರೆ, ಓದಿ ಎರಡು ಕಡೆ ತಿದ್ದಿಸಿದಾರೆ ಕೂಡ. ಊರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಾಯಿಸಿದೀನಿ. ಹಾಗಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೇಲಿ ಯಾರಿಗಾದ್ರೂ ಓದ್ತಾ ಓದ್ತಾ ಅರೆ ಇದು ನಮ್ಮ ಸ್ಕೂಲಿನ ಸಾರಲ್ವಾ ಅನ್ನಿಸಿದ್ರೆ, ಅಲ್ಲ, ಅವರಲ್ಲ.

ಅವರು ಬಂದಿದ್ದು ದೇವರ ವಿಷಯಕ್ಕಲ್ಲ, ಎದೆ ನೋವಿಗೆ. "ಎದೆ ಹಿಡ್ಕೊಂಡಂಗೆ ಆಗುತ್ತೆ ಮೇಡಂ, ಉಸಿರು ಪೂರ್ತಿ ಒಳಗೆ ಹೋಗಲ್ಲ." ಇಸಿಜಿ ಆಗಿತ್ತು, ಎಕೋ ಆಗಿತ್ತು, ಎರಡೂ ನಾರ್ಮಲ್, ಮೂರು ತಿಂಗಳು ಗ್ಯಾಸ್ ಮಾತ್ರೆ ನುಂಗಿ ಆಗಿತ್ತು, ಕೊನೆಗೆ ಡಾಕ್ಟ್ರೇ ಒಂದ್ಸಲ ಹೋಗಿ ಮಾತಾಡ್ಕೊಂಡು ಬನ್ನಿ ಅಂತ ನನ್ನ ನಂಬರ್ ಕೊಟ್ಟಿದ್ರು. ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು, ನಲವತ್ತರ ಹತ್ರ. ಜೊತೇಲಿ ಹೆಂಡ್ತಿ ಬಂದಿದ್ರು. ಕೂತ್ಕೊಳ್ಳೋ ಮುಂಚೆ ನನ್ನ ಹಣೆ ನೋಡಿದ್ರು, ಆಮೇಲೆ ಟೇಬಲ್ ಮೇಲಿದ್ದ ಪುಟ್ಟ ಗಣೇಶನ್ನ ನೋಡಿದ್ರು (ಯಾರದೋ ಗೃಹಪ್ರವೇಶದಲ್ಲಿ ಕೊಟ್ಟಿದ್ದು, ಪೇಪರ್ ಹಾರದೇ ಇರ್ಲಿ ಅಂತ ಇಟ್ಟಿದೀನಿ). "ನೀವೂ ಆ ಪಾರ್ಟೀನೇನಾ ಮೇಡಂ?" ಅಂದ್ರು. ಶುಕ್ರವಾರ ದೀಪ ಹಚ್ತೀನಿ ಸಾರ್, ಅದಕ್ಕಿಂತ ಜಾಸ್ತಿ ಯೋಚನೆ ಮಾಡಿಲ್ಲ, ನಿಮಗೆ ಕಷ್ಟ ಆದ್ರೆ ಬೇರೆಯವರ ಹತ್ರ ಕಳಿಸ್ತೀನಿ ಅಂದೆ. ಬೇಡ ಅಂತ ಕೂತ್ರು.

ನಡೆದಿದ್ದನ್ನ ಹೇಳಿದ್ದು ಹೆಂಡ್ತಿ. ಮೇಷ್ಟ್ರ ತಂದೆ ತೀರ್ಕೊಂಡು ಒಂದು ವರ್ಷ ಕಳೆದಿತ್ತು. ಮಹಾಲಯ ಅಮಾವಾಸ್ಯೆ ಬಂತು, ನಮ್ಮ ಕಡೆ ತೆಲುಗು ಮಾತಾಡೋ ಮನೆಗಳಲ್ಲಿ ಪೆದ್ದಲ ಪಂಡುಗ ಅಂತಾರಲ್ಲ, ಹಿರಿಯರಿಗೆ ಎಡೆ ಇಡೋದು. ತಾಯಿ ಬೆಳಗ್ಗೆ ನಾಲ್ಕಕ್ಕೇ ಎದ್ದು ನಾಟಿಕೋಳಿ ಸಾರು, ಮುದ್ದೆ, ಒಡೆ, ಕಜ್ಜಾಯ ಎಲ್ಲ ಮಾಡಿ, ಗಂಡನ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಹೊಸ ಪಂಚೆ ಟವಲ್ ಮಡಚಿಟ್ಟು, ಎಲೆ ಪಕ್ಕಕ್ಕೆ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ ಇಟ್ಟಿದಾರೆ. ಅಪ್ಪ ಸತ್ತಿದ್ದು ಶ್ವಾಸಕೋಶ ಕೆಟ್ಟು. ಮೇಷ್ಟ್ರು ಸ್ನಾನ ಮುಗಿಸಿ ಆಚೆ ಬಂದು ಬೀಡಿ ಕಟ್ಟು ನೋಡಿದ್ರು ಅಷ್ಟೇ. ಸತ್ತೋನು ಬೀಡಿ ಸೇದ್ತಾನಾ, ನಿಮಗೆಲ್ಲ ತಲೆ ಇದ್ಯಾ ಅಂತ ಕೂಗಾಡಿ ಎಲೆ ಹಿಡ್ದು ಎಳೆದ್ಬಿಟ್ರು. ಸಾರು ನೆಲದ ಮೇಲೆ. ಆ ಮುದುಕಿ ಒಂದು ಮಾತಾಡ್ಲಿಲ್ಲವಂತೆ, ನೆಲ ಒರೆಸಿ, ಪಾತ್ರೆ ತೊಳೆದು, ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿ ಹತ್ರ ಮಗಳ ಮನೆಗೆ ಹೋದ್ರು. ಎರಡು ತಿಂಗಳಾದ್ರೂ ವಾಪಸ್ ಬಂದಿಲ್ಲ, ಫೋನ್ ಮಾಡಿದ್ರೆ ಮೊಮ್ಮಗಳ ಹತ್ರ ಮಾತ್ರ ಮಾತು.

ಈಗ ನನ್ನ ತಪ್ಪು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಆದ್ರೂ ಮೊದಲನೇ ದಿನವೇ ಬಾಯಿ ತಪ್ಪಿ, "ಅಮ್ಮನ ಸಮಾಧಾನಕ್ಕೆ ಒಂದ್ಸಲ ಕೈ ಮುಗಿದ್ರೆ ಏನ್ ಕಳ್ಕೋತೀರಾ ಸಾರ್" ಅಂದ್ಬಿಟ್ಟೆ. ನಾಸ್ತಿಕರಿಗೆ ನಮ್ಮೂರಲ್ಲಿ ಎಲ್ರೂ ಕೊಡೋ ಪುಕ್ಕಟೆ ಸಲಹೆ ಇದೇ ತಾನೆ. ನಂಬೋರಿಗೆ ಯಾರೂ ಒಂದ್ಸಲ ಸಮಾಧಾನಕ್ಕೆ ದೇವರಿಲ್ಲ ಅನ್ನಿ ಅಂತ ಹೇಳಲ್ಲ. ಮೇಷ್ಟ್ರು ಎದ್ದು ಹೋದ್ರು, ಮೂರು ವಾರ ಬರ್ಲಿಲ್ಲ. ನಾನೇ ಫೋನ್ ಮಾಡಿ ಸಾರ್ ನಾನು ಹೇಳಿದ್ದು ಸರಿ ಇಲ್ಲ ಅಂದೆ. ಆಮೇಲೆ ಒಬ್ಬರೇ ಬಂದ್ರು.

ಎರಡನೇ ಸಲ ನಾನು ದೇವರ ಸುದ್ದಿಗೇ ಹೋಗ್ಲಿಲ್ಲ. ಎದೆ ಹಿಡ್ಕೊಳ್ಳೋದು ಯಾವತ್ತು, ಎಷ್ಟೊತ್ತಿಗೆ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು ಬನ್ನಿ ಅಂದೆ. ವಿಜ್ಞಾನದ ಮೇಷ್ಟ್ರಲ್ವಾ, ಸ್ಕೇಲಿಟ್ಟು ಗೆರೆ ಹಾಕಿ ಟೇಬಲ್ ಮಾಡ್ಕೊಂಡು ಬಂದಿದ್ರು. ಹದಿನಾಲ್ಕು ದಿನದಲ್ಲಿ ಆರು ಸಲ. ಅದರಲ್ಲಿ ನಾಲ್ಕು, ಗುರುವಾರ ರಾತ್ರಿ ಇಲ್ಲಾಂದ್ರೆ ಶುಕ್ರವಾರ ಬೆಳಗ್ಗೆ. ಅಮ್ಮ ಇರೋದು ಚಿಂತಾಮಣೀಲಿ, ಶುಕ್ರವಾರ ಏನಿದೆ ಸಾರ್ ಅಂದೆ. ಅವರೂ ಟೇಬಲ್ ನೋಡ್ತಾ ಕೂತ್ರು, ಆಮೇಲೆ "ಸ್ಕೂಲಲ್ಲಿ ಪೂಜೆ" ಅಂದ್ರು, ಮೆಲ್ಲಗೆ.

ಆಗ ಬಂತು ನೋಡಿ ನಿಜವಾದ ಕತೆ. ಇವರ ಸ್ಕೂಲಲ್ಲಿ ಬೆಳಗ್ಗೆ ಸಂವಿಧಾನದ ಪೀಠಿಕೆ ಓದಿಸ್ತಾರೆ, 2023ರಲ್ಲಿ ಸರ್ಕಾರ ಕಡ್ಡಾಯ ಮಾಡ್ತಲ್ಲ, ಅದನ್ನ ಮೈಕಲ್ಲಿ ಓದೋರು ಇವರೇ, ಧ್ವನಿ ಚೆನ್ನಾಗಿದೆ ಅಂತ. ಶುಕ್ರವಾರ ಅದು ಮುಗಿದ ತಕ್ಷಣ ಅದೇ ಜಗಲಿ ಮೇಲೆ ಸರಸ್ವತಿ ಪೂಜೆ, ಆರತಿ ತಟ್ಟೆ ಹಿಡಿಯೋರೂ ಇವರೇ. ಗಣೇಶನ ಹಬ್ಬಕ್ಕೆ ಮಕ್ಕಳಿಂದ ತಲಾ ಇಪ್ಪತ್ತು ರೂಪಾಯಿ ಚಂದಾ, ಅದನ್ನ ಎತ್ತೋ ಜವಾಬ್ದಾರಿ ಇವರದು, ಯಾಕಂದ್ರೆ ಮಕ್ಕಳು ಇವರ ಮಾತು ಕೇಳ್ತಾರೆ. ಎಂಟನೇ ಕ್ಲಾಸಿನ ಒಬ್ಬ ಮುಸ್ಲಿಂ ಹುಡುಗ ಸಾರ್ ಮನೇಲಿ ಕೊಡಲ್ಲ ಅಂದ್ರು ಅಂತ ತಲೆ ತಗ್ಗಿಸಿ ನಿಂತಾಗ, ಇವರು ತಮ್ಮ ಜೇಬಿಂದ ಇಪ್ಪತ್ತು ತೆಗ್ದು ಹಾಕಿ ಲಿಸ್ಟಲ್ಲಿ ಆ ಹುಡುಗನ ಹೆಸರಿನ ಮುಂದೆ ಟಿಕ್ ಹಾಕಿದ್ರಂತೆ. ಅದನ್ನ ಹೇಳುವಾಗ ಅವರ ಕಿವಿ ಕೆಂಪಾಗಿದ್ದು ನಾನು ನೋಡ್ದೆ.

ಇನ್ನೊಂದು ಇದೆ, ಅದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಹಿಂದಿನ ವರ್ಷದ ಆಯುಧಪೂಜೆಗೆ ಹೆಡ್‌ಮಾಸ್ಟರು ಲ್ಯಾಬಿನ ಸಾಮಾನೆಲ್ಲ ಬೆಂಚ್ ಮೇಲೆ ಜೋಡಿಸಿ ಕುಂಕುಮ ಇಡಿ ಅಂದಿದಾರೆ. ಇಡೀ ಸ್ಕೂಲಿಗೆ ಇರೋದು ಒಂದೇ ಮೈಕ್ರೋಸ್ಕೋಪು. ಇವರು ಕಾಲಿನ ಹತ್ರ ಬೊಟ್ಟಿಟ್ರೆ, ಹೆಡ್‌ಮಾಸ್ಟರು ಅಲ್ಲಲ್ಲ ಮೇಲಿಡ್ರೀ ಅಂತ ತಾವೇ ಬಂದು ಕಣ್ಣಿಟ್ಟು ನೋಡೋ ಲೆನ್ಸ್ ಮೇಲೆ ಒದ್ದೆ ಕುಂಕುಮ ಒತ್ತಿದಾರೆ, ಎಲ್ರೂ ನಕ್ಕಿದಾರೆ, ಇವರೂ ನಕ್ಕಿದಾರೆ. ಮಾರನೇ ದಿನ ರಜೆ. ಇವರು ಹೋಗಿ ಬೀಗ ತೆಗೆಸಿ ಒಬ್ಬರೇ ಕೂತು ಸ್ಪಿರಿಟ್ಟು ಹತ್ತಿ ಹಿಡ್ಕೊಂಡು ಆ ಲೆನ್ಸಿನ ಅಂಚಿಂದ ಕುಂಕುಮ ತೆಗೆದಿದಾರೆ. "ಎರಡು ಗಂಟೆ ಆಯ್ತು ಮೇಡಂ, ಇನ್ನೂ ಒಂಚೂರು ಕೆಂಪು ಉಳ್ಕೊಂಡಿದೆ. ಈರುಳ್ಳಿ ಸಿಪ್ಪೆ ತೋರಿಸುವಾಗ ಮಕ್ಕಳು ಸಾರ್ ಇದು ನ್ಯೂಕ್ಲಿಯಸ್ಸಾ ಅಂತಾರೆ." ನಕ್ಕಿದ್ರು. ನಾನೂ ನಕ್ಕೆ. ಆಮೇಲೆ ಇಬ್ರೂ ಸುಮ್ಮನಾದ್ವಿ.

ಲೆಕ್ಕ ಹಾಕಿ ನೋಡಿ, ಗಣೇಶನ ಚೌತಿಯಿಂದ ಮಹಾಲಯ ಅಮಾವಾಸ್ಯೆಗೆ ಒಂದು ತಿಂಗಳೂ ಇಲ್ಲ. ಚಂದಾ ಲಿಸ್ಟಿಗೆ ಟಿಕ್ ಹಾಕಿದ ಕೈಯೇ ಅಮ್ಮನ ಎಲೆ ಎಳೆದಿದ್ದು. ಸಂವಿಧಾನ ಎಲ್ಲಿ ಲಾಗೂ ಆಗುತ್ತೋ ಅಲ್ಲಿ ಮೇಷ್ಟ್ರು ಮೌನವ್ರತ, ಎಲ್ಲಿ ಅದಕ್ಕೆ ಕೆಲಸ ಇಲ್ವೋ ಆ ಅಡುಗೆಮನೇಲಿ ದೊಡ್ಡ ಭಾಷಣ. ಇದನ್ನ ಇಷ್ಟು ಚುಚ್ಚಿ ನಾನು ಹೇಳ್ಲಿಲ್ಲ ಬಿಡಿ, ಆದ್ರೆ ಕ್ಯಾಲೆಂಡರಲ್ಲಿ ಎರಡೂ ತಾರೀಕು ತೋರಿಸ್ದೆ.

ಅವರಿಗೆ ಎಚ್.ನರಸಿಂಹಯ್ಯ ಅಂದ್ರೆ ಪ್ರಾಣ. ಆಗೋದೇ, ಗೌರಿಬಿದನೂರು ತಾಲೂಕಿನ ಹೊಸೂರಲ್ಲಿ 1920ರಲ್ಲಿ ಹುಟ್ಟಿ, ಬಡತನದಲ್ಲಿ ಓದಿ, ಅಮೆರಿಕಾದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಮಾಡ್ಕೊಂಡು ಬಂದು, ಹಾಸ್ಟೆಲ್ ರೂಮಲ್ಲೇ ಬದುಕಿದ ಮನುಷ್ಯ ನಮ್ಮ ಜಿಲ್ಲೆಯೋರು ಅಂತ ನನಗೂ ಹೆಮ್ಮೆ ಇದೆ. ಎಚ್ಚೆನ್ ಆಗಿದ್ರೆ ಈ ಎಡೆಗಿಡೆ ಎಲ್ಲ ಒಪ್ತಿದ್ರಾ ಮೇಡಂ ಅಂತ ಒಂದ್ಸಲ ಜೋರಾಗೇ ಕೇಳಿದ್ರು. ನಾನು ಹೇಳ್ದೆ, ಸಾರ್ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರಿಶೀಲಿಸೋಕೆ ಸಮಿತಿ ಮಾಡಿ, ಬಾಗೇಪಲ್ಲಿ ದಾಟಿದ್ರೆ ಸಿಗೋ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದ್ರು, ಬಾಬಾ ಪರೀಕ್ಷೆಗೆ ಬರ್ಲಿಲ್ಲ, ಅದು ಬೇರೆ ಮಾತು. ಆದ್ರೆ ಅವರು ಪ್ರಶ್ನೆ ಕೇಳಿದ್ದು ಯಾರನ್ನ? ತಮಗಿಂತ ಬಲ ಇದ್ದೋರನ್ನ. ನೀವು ಕೇಳಿದ್ದು ಯಾರನ್ನ? ಮೇಷ್ಟ್ರು ಕಿಟಕಿ ಕಡೆ ತಿರುಗಿದ್ರು. ಜಾಸ್ತಿ ಆಯ್ತೇನೋ ಅನ್ನಿಸ್ತು ನನಗೆ, ಆದ್ರೆ ಮುಂದಿನ ವಾರ ಸರಿಯಾದ ಟೈಮಿಗೆ ಬಂದ್ರು.

ಸ್ಕೂಲಿನ ವಿಷಯಕ್ಕೆ ನಾನು ಕೊಟ್ಟ ಸಲಹೆ ಸಣ್ಣದು. ಪೂಜೆ ನಿಲ್ಲಿಸಿ ಅಂತ ಹೋಗ್ಬೇಡಿ, ನಿಮ್ಮ ಕೈಯಲ್ಲಿ ಮಾಡಿಸೋದು ನಿಲ್ಲಿಸಿ ಅಂತ ಹೋಗಿ, ಮಕ್ಕಳ ಚಂದಾ ಕಡ್ಡಾಯ ಬೇಡ ಅಂತ ಹೋಗಿ. ವಾಟ್ಸಾಪಲ್ಲಿ ಹಾಕ್ಬೇಡಿ, ಸ್ಟಾಫ್ ರೂಮಲ್ಲಿ ಎಲ್ಲರ ಮುಂದೆ ಎತ್ತಬೇಡಿ, ಹೆಡ್‌ಮಾಸ್ಟರ ರೂಮಿಗೆ ಒಬ್ಬರೇ ಹೋಗಿ ಎರಡು ವಾಕ್ಯ ಹೇಳಿ ಬನ್ನಿ. ನಾನು ವಕೀಲೆ ಅಲ್ಲ, ಆದ್ರೆ ಅವರು ಭಯ ಬಿದ್ದಿದ್ದು ಕೆಲಸಕ್ಕೆ ಕುತ್ತು ಬರುತ್ತೆ ಅಂತ, ಅದಕ್ಕೇ ಗೊತ್ತಿದ್ದಷ್ಟು ಕಾನೂನು ಮುಂದಿಟ್ಟೆ. 25ನೇ ವಿಧಿ ಕೊಡೋದು ಆತ್ಮಸಾಕ್ಷಿಯ ಸ್ವಾತಂತ್ರ್ಯ, ನಂಬದೇ ಇರೋನಿಗೂ ಆತ್ಮಸಾಕ್ಷಿ ಇರುತ್ತಲ್ಲ. 28ನೇ ವಿಧಿ ಪ್ರಕಾರ ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ವಿದ್ಯಾಸಂಸ್ಥೇಲಿ ಧಾರ್ಮಿಕ ಬೋಧನೆ ಇರಂಗಿಲ್ಲ, ಮತ್ತೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಕಡೆ ಯಾರನ್ನೂ ಅವರ ಒಪ್ಪಿಗೆ ಇಲ್ದೆ, ಚಿಕ್ಕ ಮಕ್ಕಳಾದ್ರೆ ಪೋಷಕರ ಒಪ್ಪಿಗೆ ಇಲ್ದೆ, ಪೂಜೆ ಪ್ರಾರ್ಥನೆಗೆ ಬಾ ಅಂತ ಒತ್ತಾಯ ಮಾಡಂಗಿಲ್ಲ. ನಾಸಿಕ್ ಕಡೆ ಒಬ್ಬ ಮೇಷ್ಟ್ರು ಪ್ರಾರ್ಥನೆ ಹೊತ್ತಲ್ಲಿ ಕೈ ಮುಗಿಯಲ್ಲ ಅಂದಿದ್ದಕ್ಕೆ ಅವರ ವೇತನಶ್ರೇಣಿ ತಡೆಹಿಡಿದಿದ್ರು, 2013ರಲ್ಲಿ ಬಾಂಬೆ ಹೈಕೋರ್ಟು ಆ ಮೇಷ್ಟ್ರ ಪರವಾಗಿ ತೀರ್ಪು ಕೊಡ್ತು. ಇದನ್ನ ಕೇಳಿ ಇವರು ಎರಡು ಸಲ "ಹೌದಾ?" ಅಂದ್ರು.

ಆಮೇಲೆ ರಿಹರ್ಸಲ್. ನಾನೇ ಹೆಡ್‌ಮಾಸ್ಟರು. "ಏನ್ರೀ, ಸೆಕ್ಯುಲರ್ ಅಂದ್ರೆ ಸರ್ವಧರ್ಮ ಸಮಭಾವ ಅಂತ ನೀವೇ ತಾನೆ ಹೇಳ್ಕೊಡೋದು, ಎಲ್ಲಾ ದೇವರಿಗೂ ಕೈ ಮುಗಿರಿ ಅಂತ ತಾನೆ ಅರ್ಥ?" ಅಂತ ದಬಾಯಿಸ್ದೆ. ಈ ಪದದ ಗೊಂದಲ ನಮ್ಮಲ್ಲಿ ಇದ್ದಿದ್ದೇ, ಒಬ್ರು ಜಾತ್ಯತೀತ ಅಂತಾರೆ, ಒಬ್ರು ಧರ್ಮನಿರಪೇಕ್ಷ ಅಂತಾರೆ, ಮೂರಕ್ಕೂ ಅರ್ಥ ಬೇರೆ ಬೇರೆ, ಅವರವರಿಗೆ ಬೇಕಾದ್ದನ್ನ ಅವರವರು ಎತ್ಕೊಳ್ತಾರೆ. ಮೊದಲ ಎರಡು ಸಲ ಮೇಷ್ಟ್ರು ನನಗೆ ಮೂವತ್ತು ನಿಮಿಷದ ಪಾಠ ಮಾಡಿದ್ರು, 42ನೇ ತಿದ್ದುಪಡಿ, 1976, ಸೆಕ್ಯುಲರ್ ಪದ ಸೇರಿದ್ದು, ವೈಜ್ಞಾನಿಕ ಮನೋಭಾವ ನಾಗರಿಕರ ಕರ್ತವ್ಯ ಆಗಿದ್ದು, ಎಲ್ಲ. ಸಾರ್ ಇಷ್ಟೊತ್ತಿಗೆ ಬೆಲ್ ಹೊಡೆದಿರುತ್ತೆ ಅಂದೆ. ಐದನೇ ಸಲಕ್ಕೆ ಸರಿ ಬಂತು: "ಸಾರ್, ಪೂಜೆ ಹೊತ್ತಲ್ಲಿ ನಾನು ಮಕ್ಕಳ ಜೊತೆ ಸಾಲಲ್ಲಿ ನಿಂತಿರ್ತೀನಿ. ಆರತಿ, ಚಂದಾ ನನ್ನಿಂದ ಬೇಡ."

ಹೆಡ್‌ಮಾಸ್ಟರು ಕುಣಿದಾಡಲಿಲ್ಲ, ಒಪ್ಪಲೂ ಇಲ್ಲ, ನೋಡಣ ಅಂದ್ರಂತೆ. ಎರಡು ವಾರ ಆದ್ಮೇಲೆ ಆರತಿ ತಟ್ಟೆ ಹಿಂದಿ ಮೇಡಂ ಕೈಗೆ ಹೋಯ್ತು, ಅವರಿಗೆ ಅದು ಇಷ್ಟದ ಕೆಲಸಾನೇ. ಚಂದಾಗೆ ಈಗ ಲಿಸ್ಟ್ ಇಲ್ಲ, ಒಂದು ಡಬ್ಬಿ ಇಟ್ಟಿದಾರೆ, ಹಾಕೋರು ಹಾಕ್ಲಿ ಅಂತ. ಪುಕ್ಕಟೆ ಏನೂ ಸಿಗಲ್ವಲ್ಲ, ಸ್ಟಾಫ್ ರೂಮಲ್ಲಿ ಇವರಿಗೆ "ಸಂವಿಧಾನದ ಮೇಷ್ಟ್ರು" ಅಂತ ಹೆಸರು ಬಿತ್ತು, ಟೀ ಹೇಳುವಾಗ ಒಬ್ರು ಬೇಕಂತಲೇ ಮರೀತಾರೆ. ಅದು ನೋವಾಗುತ್ತೆ ಅಂದ್ರು. ಆಗುತ್ತೆ ಸಾರ್ ಅಂದೆ.

ಅಮ್ಮನದು ಕಷ್ಟದ್ದು. ತಪ್ಪಾಯ್ತು ಅಂದ್ರೆ ಸತ್ತೋರು ಬಂದು ಉಣ್ತಾರೆ ಅಂತ ಒಪ್ಕೊಂಡಂಗೆ ಅಲ್ವಾ ಅನ್ನೋದು ಅವರ ವಾದ. ಎಲೆ ಎಳೆದಿದ್ದು ನಿಮ್ಮ ಕೈ, ಅದಕ್ಕೆ ಮಾತ್ರ ಕ್ಷಮೆ ಕೇಳಿ, ಉಳಿದಿದ್ದು ನಿಮ್ಮ ಹತ್ರಾನೇ ಇರ್ಲಿ ಅಂದೆ. ಅವತ್ತು ಅವರು ಇನ್ನೊಂದು ಹೇಳಿದ್ರು, ಅದಕ್ಕೆ ಮುಂಚೆ ಹೆಂಡ್ತಿಗೂ ಹೇಳಿರ್ಲಿಲ್ಲ. ಕೊನೆ ಎರಡು ತಿಂಗಳು ಅಪ್ಪ ಕೈ ಹಿಡ್ಕೊಂಡು ನಾಯ್ನಾ ಒಂದೇ ಒಂದು ಅಂತ ಕೇಳ್ತಿದ್ರಂತೆ, ಡಾಕ್ಟ್ರು ಬೇಡ ಅಂದಿದ್ರೂ ಇವರೇ ಕದ್ದು ಬೀಡಿ ತಂದು ಕೊಡ್ತಿದ್ರು. ವಿಜ್ಞಾನದ ಮೇಷ್ಟ್ರು. ಎಲೆ ಪಕ್ಕ ಬೀಡಿ ಕಟ್ಟು ಕಂಡಾಗ ಅವರಿಗೆ ಕಂಡಿದ್ದು ಅಮ್ಮನ ಮೂಢನಂಬಿಕೆ ಒಂದೇ ಅಲ್ಲ. ಆ ದಿನ ನಾನು ಸಲಹೆ ಏನೂ ಕೊಡ್ಲಿಲ್ಲ, ನೀರು ಕೊಟ್ಟೆ, ಮುಂದಿನವರಿಗೆ ಅರ್ಧ ಗಂಟೆ ಕಾಯಿ ಅಂದೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಚಿಂತಾಮಣಿಗೆ ಹೋಗಿ, ಬೀಡಿ ತಂದು ಕೊಡ್ತಿದ್ದಿದ್ದೂ ಸೇರಿ ಎಲ್ಲ ಹೇಳಿದಾರೆ. ತಾಯಿ "ನಾಕು ತೆಲುಸುಲೇರಾ" ಅಂದ್ರಂತೆ, ನಂಗೆ ಗೊತ್ತಿತ್ತು ಬಿಡೋ ಅಂತ. ಅವರ ಜೊತೇಲೇ ಬಸ್ ಹತ್ತಿದ್ರು.

ಎದೆ ಹಿಡ್ಕೊಳ್ಳೋದು ಪೂರ್ತಿ ಹೋಗಿಲ್ಲ, ತಿಂಗಳಿಗೆ ಒಂದೋ ಎರಡೋ. ಮಗಳು ಆರನೇ ಕ್ಲಾಸು, ಅಜ್ಜಿ ದೇವರಿದಾನೆ ಅಂತಾರೆ ಅಪ್ಪ ಇಲ್ಲ ಅಂತಾರೆ, ಯಾರ ಪರ ಅಂತ ಕೇಳ್ತಾಳಂತೆ. ಇಬ್ಬರನ್ನೂ ಚೆನ್ನಾಗಿ ಪ್ರಶ್ನೆ ಕೇಳು ಅಂತ ಹೇಳಿ ಅಂದಿದೀನಿ, ಅದು ಇಬ್ಬರಿಗೂ ತಲೆನೋವಾಗಿದೆ.

ಈ ಸಲದ ಮಹಾಲಯದ ರಾತ್ರಿ ಫೋನ್ ಬಂತು. ಅಮ್ಮ ಎಡೆ ಇಟ್ರಂತೆ. ಇವರು ಕೈ ಮುಗೀಲಿಲ್ಲ, ಅಡುಗೆಮನೇಲಿ ಕೂತು ಬೆಳ್ಳುಳ್ಳಿ ಸುಲಿದು ಕೊಟ್ರು. ಬೀಡಿ ತಂದ್ಕೊಡೋ ಅಂದಿದಾರೆ ಅಮ್ಮ, ತರಲ್ಲ ಅಂದಿದಾರೆ ಇವರು, ಅರ್ಧ ಗಂಟೆ ಜಗಳ ಆಗಿದೆ, ಕೊನೆಗೆ ಅಮ್ಮ ಬೈಕೊಂಡು ತಾನೇ ಅಂಗಡಿಗೆ ಹೋಗಿ ತಂದಿಟ್ಟಿದಾರೆ. ಆಮೇಲೆ ಅಂದೆ. ಆಮೇಲೇನು ಮೇಡಂ, ನಾಟಿಕೋಳಿ ಸಾರು, ಮೂರು ಮುದ್ದೆ ಉಂಡೆ ಅಂದ್ರು.